ಕವಳೆ ಬಿಡುವ ನೆಲ ಖರಾಬಲ್ಲ

ಕೇಕಿನ ನೆತ್ತಿಯ ಮೇಲೆ ಕೂರಿಸುವ ಕೆಂಪು ‘ಚೆರ್ರಿ’ ನಮ್ಮ ಕಡೆಯ ಬೇಕರಿಗಳಲ್ಲಿ ಬಹುಮಟ್ಟಿಗೆ ಚೆರ್ರಿಯಲ್ಲ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಹಿಡಿಸಿದ ಕರಂಡೆಕಾಯಿ. ಅಸಲಿ ಚೆರ್ರಿಗೆ ಕಾಶ್ಮೀರ, ಹಿಮಾಚಲದ ಚಳಿ ಬೇಕು, ಬೆಲೆಯೂ ಜಾಸ್ತಿ. ಕರಂಡೆ ಅಗ್ಗ, ಪಾಕದಲ್ಲೂ ಕರಗದೆ ಗಟ್ಟಿಯಾಗಿ ನಿಲ್ಲುತ್ತದೆ. ಇದರಲ್ಲಿ ದೊಡ್ಡ ಮೋಸವೇನೂ ಇಲ್ಲ, ತಮಾಷೆ ಇರುವುದು ಬೇರೆ ಕಡೆ. ಅಯ್ಯಂಗಾರ್ ಬೇಕರಿಗಳ ತವರು ಎನಿಸಿಕೊಂಡ ಹಾಸನ ಜಿಲ್ಲೆಯಲ್ಲೇ, ಅರಸೀಕೆರೆಯಂಥ ಊರಿನ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಈ ಕಾಯಿ ದುಡ್ಡು ಕೊಟ್ಟರೆ ಸಿಗುತ್ತದೆ. ಊರಾಚೆಯ ಬೇಲಿಯಲ್ಲಿ ಯಾರೂ ನೀರು ಹಾಕದೆ ಬಿಡುವ ಇದರ ಕಾಡು ದಾಯಾದಿ ಕವಳೆಯನ್ನು ಮಾತ್ರ ಜೆಸಿಬಿ ಬುಡಸಮೇತ ಕಿತ್ತು ಗುಡ್ಡೆ ಹಾಕುತ್ತಿದೆ. ಒಣಗಿದ ಮೇಲೆ ಆ ಗುಡ್ಡೆಗೆ ಬೆಂಕಿ.

ಕವಳೆಯೆಂದರೆ ಕೆಲವರಿಗೆ ಕೌಳಿ, ಉತ್ತರ ಕರ್ನಾಟಕದವರಿಗೆ ಕವಳಿ, ಕರಾವಳಿಯವರಿಗೆ ಇದೂ ಕರಂಡೆಯೇ, ಸಂಸ್ಕೃತದ ವೈದ್ಯಗ್ರಂಥಗಳಿಗೆ ಕರಮರ್ದ. ನಮ್ಮ ಹಾಸನ ಜಿಲ್ಲೆಯನ್ನೇ ನೋಡಿ: ಬೇಲೂರಿನ ಪಡುವಲ ಅಂಚು ಮಲೆನಾಡಿಗೆ ತಾಗುತ್ತದೆ, ಅರಸೀಕೆರೆ ಅಪ್ಪಟ ಬಯಲುಸೀಮೆ, ಹಳೇಬೀಡು ಇವೆರಡರ ನಡುವೆ. ಒಂದು ಹಗಲು ಬಸ್ಸಿನಲ್ಲಿ ದಾಟಬಹುದಾದ ಈ ಹರವಿನಲ್ಲಿ ಮಳೆ, ಮಣ್ಣು, ಬೆಳೆ ಎಲ್ಲ ಬದಲಾಗುತ್ತವೆ. ಕಾಫಿ ತೋಟದ ಅಂಚಿಗೂ ತೆಂಗಿನ ತೋಟದ ಬದುವಿಗೂ ಕಲ್ಲುಗುಡ್ಡದ ಇಳಿಜಾರಿಗೂ ಒಗ್ಗಿಕೊಳ್ಳುವ ಕೆಲವೇ ಗಿಡಗಳಲ್ಲಿ ಕವಳೆ ಒಂದು. ಇಷ್ಟು ಗಟ್ಟಿ ಜೀವದ ಗಿಡ ಹಿಂದೆ ಸರಿಯುತ್ತಿದೆಯೆಂದರೆ ಅದಕ್ಕೆ ಬರವನ್ನು ದೂರಿ ಫಲವಿಲ್ಲ. ನನ್ನ ವಾದ ಇಷ್ಟೇ: ಕವಳೆ ಬೆಳೆಯುವ ಕುರುಚಲು ನೆಲವನ್ನೂ ಬೇಲಿಯ ಪಟ್ಟಿಯನ್ನೂ ನಮ್ಮ ಕಾಗದಪತ್ರ ‘ಖಾಲಿ ಜಾಗ’ ಎಂದು ಓದುತ್ತದೆ, ಓದಿದ ಹಾಗೆಯೇ ಅದನ್ನು ಖಾಲಿ ಮಾಡಿಸುತ್ತದೆ. ಹಣ್ಣು ಉಳಿಯಬೇಕಿದ್ದರೆ ಮೊದಲು ತಿದ್ದಬೇಕಾದದ್ದು ಈ ಓದನ್ನು. ತಳಿ ಸಂಶೋಧನೆ, ಮಾರುಕಟ್ಟೆ, ಹಣ್ಣಿನ ಮೇಳ ಇವೆಲ್ಲ ಆಮೇಲಿನ ಮಾತು.

ಗಿಡವನ್ನೇ ಮೊದಲು ನೋಡೋಣ, ಏಕೆಂದರೆ ಗುರುತು ಸಿಗದ ಗಿಡದ ಪರವಾಗಿ ಯಾರೂ ವಾದಿಸಲಾರರು. ಆಳೆತ್ತರದ, ಒಂದಕ್ಕೊಂದು ಹೆಣೆದುಕೊಂಡ ಪೊದೆ. ಎಲೆ ಎದುರುಬದುರು ಜೋಡಿ, ದಪ್ಪ, ಮೇಲ್ಮೈ ಮಿರುಗುವ ಹಸಿರು. ಮುಳ್ಳೂ ಜೋಡಿ, ನೀಳ, ಗಡಸು. ಎಷ್ಟೋ ಮುಳ್ಳುಗಳ ತುದಿ ಎರಡಾಗಿ ಕವಲೊಡೆದಿರುತ್ತದೆ. ಬೇಸಿಗೆ ಮೊದಲಾಗುವ ಹೊತ್ತಿಗೆ ಐದೆಸಳಿನ ಬಿಳಿ ಹೂ, ಎಸಳುಗಳು ಒಂದೇ ಕಡೆಗೆ ತಿರುಚಿಕೊಂಡಂತೆ. ಮೂಗಿಗೆ ಹಿಡಿದರೆ ಮಲ್ಲಿಗೆಯ ನೆನಪು. ಯುಗಾದಿ ಕಳೆದ ಮೇಲೆ ಹಸಿರು ಕಾಯಿ, ಆಮೇಲೆ ಕೆಂಪು, ಕೃತ್ತಿಕೆ ರೋಹಿಣಿ ಮಳೆಯ ಹೊತ್ತಿಗೆ ಕಪ್ಪಿಗೆ ತಿರುಗಿದ ನೇರಳೆ ಬಣ್ಣ. ಗಾತ್ರ ಕಡಲೆಕಾಳಿಗಿಂತ ಕೊಂಚ ದೊಡ್ಡದು. ತೊಟ್ಟು ಮುರಿದರೆ ಹಾಲು ಒಸರುತ್ತದೆ, ಬೆರಳಿಗೆ ಅಂಟಿ ಬೇಗ ಬಿಡುವುದಿಲ್ಲ. ಮಾಗಿದ ಹಣ್ಣಿನಲ್ಲಿ ಹಾಲು ಕಡಿಮೆ. ಒಳಗೆ ನೇರಳೆ ರಸ, ಎರಡು ಮೂರು ಚಪ್ಪಟೆ ಬೀಜ, ಹುಳಿಯ ಹಿಂದೆ ಸಿಹಿ, ಸಿಹಿಯ ಹಿಂದೆ ತುಸು ಒಗರು. ತಿಂದವರ ನಾಲಿಗೆ, ತುಟಿ, ಅಂಗಿಯ ಜೇಬು ಎಲ್ಲಕ್ಕೂ ಬಣ್ಣ.

ಈ ಹಾಲಿನ ವಿಷಯಕ್ಕೆ ಬಂದಾಗಲೇ ಮೊದಲ ಆಕ್ಷೇಪಣೆ ಏಳುವುದು, ಅದು ನ್ಯಾಯವಾದ ಆಕ್ಷೇಪಣೆ ಕೂಡ. ಕವಳೆ ಸೇರಿದ ಕುಟುಂಬದಲ್ಲೇ ಎಕ್ಕವಿದೆ, ಕಣಗಿಲೆ ಇದೆ, ಹಳದಿ ಹೂವಿನ ಕರವೀರವಿದೆ. ಅವುಗಳ ಹಾಲು, ಬೀಜ ಜೀವಕ್ಕೇ ಕುತ್ತು. ‘ಹಾಲು ಬರುವ ಗಿಡದ ಕಾಯಿಗೆ ಬಾಯಿ ಹಾಕಬೇಡ’ ಎಂದು ಮಕ್ಕಳಿಗೆ ಹೇಳುವ ಮಾತು ನೂರಕ್ಕೆ ತೊಂಬತ್ತು ಸಲ ಸರಿಯೇ. ಕವಳೆ ಉಳಿದ ಹತ್ತರಲ್ಲಿ ಬರುತ್ತದೆ. ಮುಳ್ಳಿನ ಪೊದೆಯೆಂಬ ಒಂದೇ ಗುರುತನ್ನು ನಂಬಿದರೆ ಮಂಗಾರೆಕಾಯಿ ಕೈಗೆ ಬಂದೀತು. ಅದು ಪುಟ್ಟ ಸೀಬೆಯ ಹಾಗೆ ತುದಿಯಲ್ಲಿ ಕಿರೀಟ ಹೊತ್ತ ಹಸಿರುಹಳದಿ ಕಾಯಿ. ಜಜ್ಜಿ ನೀರಿಗೆ ಹಾಕಿ ಮೀನಿಗೆ ಅಮಲೇರಿಸಿ ಹಿಡಿಯುತ್ತಿದ್ದುದು ಅದರಿಂದಲೇ. ಕಪ್ಪು ಹಣ್ಣು ಎಂಬ ಒಂದೇ ಗುರುತನ್ನು ನಂಬಿದರೆ ಲಂಟಾನದ ಗೊಂಚಲು ಇದೆ. ಅದರ ಹಸಿರು ಕಾಯಿ ಹೊಟ್ಟೆ ಕೆಡಿಸುತ್ತದೆ, ಸೊಪ್ಪು ತಿಂದ ದನ ಕಾಯಿಲೆ ಬೀಳುತ್ತದೆ. ಆದ್ದರಿಂದ ಗುರುತು ಒಂದಾಗಿ ಬರಬಾರದು, ಕಟ್ಟಾಗಿ ಬರಬೇಕು: ಜೋಡಿ ಎಲೆ, ಜೋಡಿ ಮುಳ್ಳು, ಹಾಲು, ಋತು, ಹೋದ ತಿಂಗಳು ಅದೇ ಕೊಂಬೆಯಲ್ಲಿದ್ದ ಬಿಳಿ ಹೂ. ಇಷ್ಟೂ ಕೂಡಿದರೆ ಕವಳೆ. ಒಂದು ತಪ್ಪಿದರೂ ಕೈ ಹಿಂದೆ. ಮೊಬೈಲಿನ ಆ್ಯಪ್ ಚಿತ್ರ ನೋಡಿ ಹೆಸರು ಹೇಳುತ್ತದೆ ನಿಜ. ಅದು ತೊಟ್ಟು ಮುರಿಯುವುದಿಲ್ಲ, ಹೋದ ತಿಂಗಳ ಹೂವನ್ನು ನೋಡಿರುವುದಿಲ್ಲ.

ಹಾಗಾದರೆ ಮಕ್ಕಳನ್ನು ಬೇಲಿಯ ಹಣ್ಣಿನಿಂದ ದೂರ ಇಡುವುದೇ ಕ್ಷೇಮವಲ್ಲವೇ ಎಂದರೆ, ದೂರ ಇಟ್ಟಾಗ ಆಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2000ದ ದಶಕದಲ್ಲಿ ಜೈವಿಕ ಇಂಧನದ ಹುರುಪು ದೇಶಕ್ಕೆಲ್ಲ ಹಬ್ಬಿತ್ತು. ನಮ್ಮ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೇ ತಲೆಯೆತ್ತಿತು. ಹೊಂಗೆ, ಬೇವು, ಹಿಪ್ಪೆಗಳ ಜೊತೆಗೆ ಜಟ್ರೋಫ, ಅಂದರೆ ಕಾಡುಹರಳು, ಬದುವಿಗೆ ಬೇಲಿಗೆ ತಕ್ಕ ಗಿಡವೆಂದು ಪ್ರಚಾರ ಪಡೆಯಿತು. ಹೊಂಗೆಯ ಬಗ್ಗೆ ತಕರಾರಿಲ್ಲ, ಅದು ನಮ್ಮದೇ ಮರ. ಕಾಡುಹರಳಿನ ಬೀಜ ಮಾತ್ರ ನೋಡಲು ಕಡಲೆಬೀಜದ ಹಾಗೆ, ತಿಂದರೆ ವಾಂತಿಭೇದಿ; ಇದನ್ನು ತಿಂದು ಮಕ್ಕಳು ಆಸ್ಪತ್ರೆ ಸೇರಿದ ಸುದ್ದಿ ದೇಶದ ಬೇರೆ ಬೇರೆ ಕಡೆಯಿಂದ ಮತ್ತೆ ಮತ್ತೆ ಬಂದಿದೆ. ತಿನ್ನುವ ಹಣ್ಣಿನ ಗಿಡವನ್ನು ಅಪಾಯವೆಂದು ಕಿತ್ತು ತಿನ್ನಬಾರದ ಬೀಜದ ಗಿಡವನ್ನು ಯೋಜನೆಯೆಂದು ನೆಟ್ಟರೆ, ಮಕ್ಕಳ ಕ್ಷೇಮದ ಮಾತಿಗೆ ಏನು ತೂಕ ಉಳಿಯಿತು? ಬೇಲಿಯ ಹತ್ತು ಗಿಡಗಳಲ್ಲಿ ಯಾವುದು ತಿನ್ನುವುದು, ಯಾವುದು ಮುಟ್ಟಬಾರದ್ದು ಎಂದು ಬಲ್ಲ ಮಗುವಿಗೆ ಕಾಡುಹರಳೂ ಗೊತ್ತಿರುತ್ತದೆ. ಏನೂ ಗೊತ್ತಿಲ್ಲದ ಮಗುವಿಗೆ ಎಲ್ಲ ಕಾಯಿಯೂ ಒಂದೇ. ಹಸಿವು, ಕುತೂಹಲ ಎರಡೂ ಇರುವ ವಯಸ್ಸಿನಲ್ಲಿ ನಿಷೇಧ ಎಷ್ಟು ಹೊತ್ತು ನಿಂತೀತು?

ಇನ್ನು ಅಡುಗೆಮನೆ. ಕವಳೆ ಎರಡು ಬೇರೆ ಪದಾರ್ಥ: ಕಾಯಿಯಾಗಿದ್ದಾಗ ಹುಳಿ, ಹಣ್ಣಾದಾಗ ತಿಂಡಿ. ಎಳೆಗಾಯಿ ಉಪ್ಪಿನಕಾಯಿಗೆ ಹೇಳಿಮಾಡಿಸಿದ್ದು. ತೊಟ್ಟು ಬಿಡಿಸಿ, ಸೀಳಿ, ಉಪ್ಪುನೀರಿನಲ್ಲಿ ಹಾಕಿಟ್ಟರೆ ಅಂಟು ಬಿಟ್ಟು ನೀರಿನ ಮೇಲೆ ಬಿಳಿ ಪೊರೆಯ ಹಾಗೆ ಕಟ್ಟುತ್ತದೆ. ಅದನ್ನು ಚೆಲ್ಲಿ, ಕಾಯಿಯನ್ನು ಬಟ್ಟೆಯ ಮೇಲೆ ಹರವಿ ಪಸೆ ಆರಿಸಿ, ಮತ್ತೆ ಉಪ್ಪು, ಸಾಸಿವೆ, ಮೆಣಸಿನಪುಡಿ. ಬಿಡಿಸುವಾಗ ಬೆರಳಿಗೆ ಎಣ್ಣೆ ಸವರಿಕೊಳ್ಳದಿದ್ದರೆ ಅಂಟಿನ ಕಪ್ಪು ನಾಲ್ಕು ದಿನ ಹೋಗದು. ಗೊಜ್ಜಿಗೆ, ಚಟ್ನಿಗೆ ಹುಣಿಸೆಯ ಬದಲು ಬೀಳುತ್ತದೆ. ಕಾಯಿಯಲ್ಲಿ ಪೆಕ್ಟಿನ್ ಅಂಶ ಚೆನ್ನಾಗಿರುವುದರಿಂದ ಜಾಮ್, ಜೆಲ್ಲಿ ಹೊರಗಿನ ಪುಡಿಯ ಹಂಗಿಲ್ಲದೆ ಗಟ್ಟಿಯಾಗುತ್ತವೆ. ಇದರ ಆಚೆಗೆ ಹೇಳುವ ಮಾತುಗಳಲ್ಲಿ ಕೊಂಚ ಜಾಗ್ರತೆ ಬೇಕು. ರಕ್ತಹೀನತೆಗೆ ರಾಮಬಾಣ, ಸಕ್ಕರೆ ಕಾಯಿಲೆಗೆ ಮದ್ದು ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಪಟ್ಟಿಗಳು ಒಣಗಿಸಿದ ಹಣ್ಣಿನ ಅಂಕಿಯನ್ನು ಹಸಿ ಹಣ್ಣಿಗೆ ಅಂಟಿಸುತ್ತವೆ. ನೀರೆಲ್ಲ ಆರಿದ ಮೇಲೆ ಯಾವ ಹಣ್ಣಿನಲ್ಲೂ ಎಲ್ಲವೂ ಹೆಚ್ಚಾಗಿಯೇ ಕಾಣುತ್ತದೆ. ಕವಳೆ ಹುಳಿಯಾಗಿದೆ, ರುಚಿಯಾಗಿದೆ, ಬೇರೆ ಹಣ್ಣು ಕೊಳ್ಳಲಾಗದ ಮನೆಯ ಮಗುವಿಗೆ ಬೇಸಿಗೆ ರಜೆಯಲ್ಲಿ ಸಿಗುತ್ತದೆ. ಇಷ್ಟು ಸಾಲದೇ?

ಪೊದೆಯ ಕೆಲಸ ಹಣ್ಣಿಗೇ ಮುಗಿಯುವುದಿಲ್ಲ. ಅರಸೀಕೆರೆಯಂಥ ಒಣ ಸೀಮೆ ಶ್ರೀಗಂಧದ ಸೀಮೆಯೂ ಹೌದು. ಗಂಧದ ಹಣ್ಣು ತಿಂದ ಹಕ್ಕಿ ಮುಳ್ಳುಪೊದೆಯ ಮೇಲೆ ಕೂತು ಬೀಜ ಉದುರಿಸುತ್ತದೆ. ಕವಳೆಯ ಮುಳ್ಳಿನ ಒಳಗೆ ಆಡು, ದನ ಬಾಯಿ ಹಾಕಲಾರವು. ಪಕ್ಕದ ಗಿಡದ ಬೇರಿಗೆ ಬೇರು ತಗುಲಿಸಿ ಅರೆಪರಾವಲಂಬಿಯಾಗಿ ಬದುಕುವ ಗಂಧದ ಸಸಿಗೆ ನೆರಳು, ಕಾವಲು, ಊಟ ಮೂರೂ ಅಲ್ಲೇ ಸಿಗುತ್ತವೆ. 1792ರಲ್ಲಿ ಟಿಪ್ಪು ಗಂಧವನ್ನು ಅರಮನೆಯ ಮರವಾಗಿಸಿದ. ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯ ನಂತರ ತನ್ನ ಜಮೀನಿನ ಗಂಧ ರೈತನದೇ ಆಯಿತು. ಗಂಧ ಬೆಳೆಸಿರೆಂದು ಈಗ ಸಸಿ ಕೊಟ್ಟು ಹುರಿದುಂಬಿಸುತ್ತೇವೆ, ಅದನ್ನು ಪುಕ್ಕಟೆ ಸಾಕುತ್ತಿದ್ದ ಪೊದೆಯನ್ನು ಮಾತ್ರ ಕಿತ್ತೆಸೆಯುತ್ತೇವೆ. ಕರಡಿಯ ಮಾತೂ ಇದೆ. ಅರಸೀಕೆರೆ ತಾಲ್ಲೂಕಿನ ಕುರುಚಲು ಕಾಡಿನ ಒಂದು ಭಾಗ ಕರಡಿಗಾಗಿಯೇ ವನ್ಯಜೀವಿಧಾಮವಾಗಿದೆ. ಗೆದ್ದಲು, ಇರುವೆಯ ಜೊತೆಗೆ ಕಾಡುಹಣ್ಣೂ ಕರಡಿಯ ಊಟ. ಎಲಚಿ, ಕಕ್ಕೆ, ಕವಳೆ ಎಲ್ಲ ಅದರ ಬೇಸಿಗೆಯ ಪಾಲು. ಜನ ಹಣ್ಣು ಬಿಡಿಸಿದರೆ ಕರಡಿ ಏನು ತಿಂದೀತು ಎಂದು ಕೇಳುವವರಿಗೆ ನನ್ನ ಉತ್ತರ: ಧಾಮದೊಳಗಿನದು ಕರಡಿಗೇ ಇರಲಿ, ಅಲ್ಲಿಂದ ತರಲು ಕಾನೂನೂ ಬಿಡುವುದಿಲ್ಲ. ನಾನು ಹೇಳುತ್ತಿರುವುದು ಊರ ಬೇಲಿ, ಗೋಮಾಳ, ಕೆರೆಯ ಅಂಚಿನ ಕವಳೆಯ ಮಾತು. ಧಾಮದ ಹೊರಗೆ ಪೊದೆ ಉಳಿದಷ್ಟೂ ಒಳಗಿನದರ ಮೇಲೆ ಕೈ ಚಾಚುವ ಅಗತ್ಯ ಕಡಿಮೆ.

ಹೀಗೆ ನಾಲ್ಕು ಕೆಲಸ ಮಾಡುವ ನೆಲಕ್ಕೆ ಕಾಗದದಲ್ಲಿ ಏನು ಹೆಸರು ನೋಡಿ. ಪಹಣಿಯಲ್ಲಿ ಅದು ಖರಾಬು. ಸಾಗುವಳಿಗೆ ಒಗ್ಗದ್ದು ‘ಎ’ ಖರಾಬು, ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ‘ಬಿ’ ಖರಾಬು. ಕೇಂದ್ರ ಸರ್ಕಾರ ಉಪಗ್ರಹ ಚಿತ್ರ ಇಟ್ಟುಕೊಂಡು ತರುವ ಪಾಳುಭೂಮಿ ನಕಾಶೆಯಲ್ಲೂ ಕುರುಚಲು ನೆಲ ಒಂದು ಪಾಳುಭೂಮಿ ವರ್ಗ. ಪೊದೆ ದಟ್ಟವಾಗಿದ್ದರೂ ಪಾಳೇ, ವಿರಳವಾಗಿದ್ದರೂ ಪಾಳೇ. ಪಾಳೆಂದು ಬರೆದ ಮೇಲೆ ಅದನ್ನು ‘ಉದ್ಧಾರ’ ಮಾಡಲೇಬೇಕಲ್ಲ. ಒಂದು ಕಾಲಕ್ಕೆ ನೀಲಗಿರಿ ಬಂತು, ಅಕೇಶಿಯಾ ಬಂತು. ನೀಲಗಿರಿಯ ಹೊಸ ನಾಟಿಯನ್ನು ರಾಜ್ಯ ಸರ್ಕಾರವೇ 2017ರಲ್ಲಿ ನಿಷೇಧಿಸಬೇಕಾಯಿತು. ಪೊದೆ ಸವರಿ, ಗುಂಡಿ ತೋಡಿ, ಮರದ ಸಸಿ ನೆಟ್ಟು ಹಸಿರೀಕರಣವೆಂದು ಫಲಕ ಹಾಕುವ ಅಭ್ಯಾಸ ಮಾತ್ರ ನಿಂತಿಲ್ಲ. ಹಸಿರಾಗಿಯೇ ಇದ್ದ ನೆಲವನ್ನು ಹಸಿರು ಮಾಡುವುದೆಂದರೇನೋ! ಗೋಮಾಳದ್ದು ಇನ್ನೊಂದು ಕತೆ. 1966ರ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಊರಿನ ನೂರು ದನಕ್ಕೆ ಮೂವತ್ತು ಎಕರೆ ಹುಲ್ಲುಗಾವಲು ಬಿಟ್ಟಿರಬೇಕು. ದನದ ಎಣಿಕೆ ಇಳಿಯಿತೆಂದು ಹೆಚ್ಚುವರಿ ಗೋಮಾಳ ಲೆಕ್ಕ ಹಾಕಿ ಹಂಚುವುದು ನಡೆದೇ ಇದೆ. ನಿಯಮ ದನವನ್ನು ಎಣಿಸುತ್ತದೆ, ಪೊದೆಯನ್ನು ಎಣಿಸುವುದಿಲ್ಲ. ಊರ ಸಾಮುದಾಯಿಕ ಜಮೀನಿನ ಒತ್ತುವರಿ ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದ ಮೇಲೂ, ಆ ಜಮೀನಿನಲ್ಲಿ ಏನಿತ್ತು ಎಂದು ಬರೆದಿಟ್ಟ ದಾಖಲೆ ಇಲ್ಲದಿದ್ದರೆ ತೆರವಾಗಿ ಮರಳಿ ಬರುವುದು ಬೋಳು ಮಣ್ಣು.

ಇಲ್ಲಿ ಭೂಮಿ ಇಲ್ಲದವನ ಪ್ರಶ್ನೆ ಎದುರು ನಿಲ್ಲುತ್ತದೆ. ಸರ್ಕಾರಿ ನೆಲದ ಸಾಗುವಳಿ ಸಕ್ರಮಕ್ಕೆ ಫಾರಂ 50, 53, 57 ಎಂದು ಅರ್ಜಿ ಹಾಕಿ ತಲೆಮಾರು ಕಾದವರಿಗೆ, ‘ನಿನಗೆ ನೆಲ ಕೊಟ್ಟರೆ ಕವಳೆ ಹಣ್ಣು ಹೋಗುತ್ತದೆ’ ಎಂದು ಹೇಳುವುದು ಕ್ರೌರ್ಯ. ಹಾಗೆ ಹೇಳಲು ನಾನು ಹೊರಟಿಲ್ಲ. ಬಗರ್‌ಹುಕುಂ ರೈತನ ಎರಡೆಕರೆಯ ಸುತ್ತ ಬೇಲಿ ಬೇಕೇ ಬೇಕು. ಆ ಬೇಲಿ ಕಲ್ಲುಕಂಬ, ಮುಳ್ಳುತಂತಿಯದೇ ಆಗಬೇಕೆಂದಿಲ್ಲ ಎಂಬುದಷ್ಟೇ ನನ್ನ ಮಾತು. ಕಂಬಕ್ಕೂ ತಂತಿಗೂ ಸಾಲ ಮಾಡುವವನು ಬಡವನೇ. ಜೀವಂತ ಬೇಲಿಗೆ ಬೇಕಾದದ್ದು ಕೈಕೆಲಸ ಮತ್ತು ನಾಲ್ಕಾರು ವರ್ಷದ ತಾಳ್ಮೆ. ಆ ವರ್ಷಗಳಲ್ಲಿ ಬೆಳೆ ಕಾಯುವುದು ಹೇಗೆ ಎಂಬ ಪ್ರಶ್ನೆಗೆ ಸುಲಭ ಉತ್ತರವಿಲ್ಲ ಎಂದು ಒಪ್ಪುತ್ತೇನೆ. ಅದಕ್ಕೇ ಹೊಸ ಬೇಲಿ ಬೆಳೆಸುವುದಕ್ಕಿಂತ ಇರುವ ಬೇಲಿ ಕೀಳದಿರುವುದು ಮುಖ್ಯ. ಬೇಲಿ ಎರಡು ಗಜ ಅಗಲ ನೆಲ ತಿನ್ನುತ್ತದೆ, ಪಕ್ಕದ ಸಾಲಿನ ರಾಗಿ ಸೊರಗುತ್ತದೆ, ಹಂದಿ ಅಡಗುತ್ತದೆ, ಚಿರತೆ ಹೊಂಚುತ್ತದೆ, ಹಾವು ಸೇರುತ್ತದೆ ಎಂಬ ದೂರುಗಳಿವೆ. ಮೊದಲ ಎರಡು ಪೂರ್ತಿ ನಿಜ, ವರ್ಷಕ್ಕೊಮ್ಮೆ ಕುಡುಗೋಲಿನಿಂದ ಸವರಿದರೆ ಬಹುಪಾಲು ತೀರುವಂಥವು. ಕವಳೆ ಕಡಿದಷ್ಟೂ ಬುಡದಿಂದ ಚಿಗುರುವ ಗಿಡ. ಕುಡುಗೋಲಿಗೆ ಹೆದರದು, ಬೇರನ್ನೇ ಮಗುಚುವ ಯಂತ್ರದ ಮುಂದೆ ಅದರ ಆಟ ನಡೆಯದು. ಹಂದಿ, ಚಿರತೆಯ ವಿಷಯಕ್ಕೆ ಬಂದರೆ, ಅವಕ್ಕೆ ಕಬ್ಬು, ಜೋಳದ ಹೊಲ, ಆಳೆತ್ತರದ ಲಂಟಾನ ಕವಳೆಗಿಂತ ಒಳ್ಳೆಯ ಮರೆ. ಮನೆ, ಶಾಲೆ, ಅಂಗನವಾಡಿ ಪಕ್ಕದಲ್ಲಿ ಪೊದೆ ಬೇಡ ಎಂದರೆ ಒಪ್ಪೋಣ. ಊರಿನ ಅಷ್ಟೂ ಓಣಿ ಬೋಳಾಗಬೇಕು ಎಂದರೆ ಅದಕ್ಕೆ ಕಾರಣ ಬೇರೆಯೇ ಇರುತ್ತದೆ. ಆ ಎರಡು ಗಜವೂ ಈಗ ಸೈಟಿನ ಲೆಕ್ಕದಲ್ಲಿ ದುಡ್ಡು.

ಹಣ್ಣಿಗೆ ಬೆಲೆ ಬರಿಸಿದರೆ ರೈತನೇ ಕಾಪಾಡುತ್ತಾನೆ, ಅದಕ್ಕೆ ಇಷ್ಟೆಲ್ಲ ಕಾನೂನಿನ ಮಾತೇಕೆ ಎಂಬುದು ಇನ್ನೊಂದು ವಾದ. ಕೇಳಲು ಚೆನ್ನಾಗಿದೆ. ಆದರೆ ಬೆಲೆ ಬರುವ ಕರಂಡೆ ಆಗಲೇ ತೋಟದ ಬೆಳೆ. ಪಂತನಗರದ ವಿಶ್ವವಿದ್ಯಾಲಯ ಪಂತ್ ಮನೋಹರ್, ಪಂತ್ ಸುದರ್ಶನ್ ತಳಿಗಳನ್ನು ಕೊಟ್ಟಿದೆ, ದಾಪೋಲಿಯಿಂದ ಕೊಂಕಣ್ ಬೋಲ್ಡ್ ಬಂದಿದೆ. ಅವುಗಳ ದಪ್ಪ ಕಾಯಿಯ ಮುಂದೆ ಬೇಲಿಯ ಸಣ್ಣ ಕವಳೆ ಮಾರುಕಟ್ಟೆಯಲ್ಲಿ ಗೆಲ್ಲುವುದಿಲ್ಲ. ಮುಳ್ಳಿನ ನಡುವೆ ಒಂದೊಂದೇ ಬಿಡಿಸುವ ಕೂಲಿಯೇ ಹುಟ್ಟದು. ಒಂದು ವೇಳೆ ಗೆದ್ದರೆ ಇನ್ನೂ ಕಷ್ಟ. ಯಾರದೂ ಅಲ್ಲದ ಗಿಡಕ್ಕೆ ಬೆಲೆ ಬಂದಾಗ ಮೊದಲು ಬಂದವನು ಕೊಂಬೆ ಸಮೇತ ಕಡಿದು ಒಯ್ಯುತ್ತಾನೆ ಎಂಬುದನ್ನು ಕಾಡು ನೆಲ್ಲಿಯ ವಿಷಯದಲ್ಲಿ ನೋಡಿದ್ದೇವೆ. ಮನೆಮಟ್ಟದ ಉಪ್ಪಿನಕಾಯಿ, ಸಂತೆಯಲ್ಲಿ ಒಂದಿಷ್ಟು ಮಾರಾಟ, ಸ್ವಸಹಾಯ ಗುಂಪಿನ ಹತ್ತು ಬಾಟಲಿ ಜಾಮು, ಇವು ಬೇಕು. ಕವಳೆಯನ್ನು ಉಳಿಸುವ ಭಾರವನ್ನು ಮಾತ್ರ ಅವುಗಳ ತಲೆಗೆ ಹೊರಿಸಬಾರದು. ರಸ್ತೆಬದಿಯ ಆಲಕ್ಕೆ ಯಾರೂ ಮಾರುಕಟ್ಟೆ ಹುಡುಕಲಿಲ್ಲ, ಅದು ಬೇಕೆಂದು ಬಿಟ್ಟರು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ಪಟ್ಟಿ ಸೇರಿದವು. ವಾಹನ ನಿಲುಗಡೆ, ಹೋಟೆಲು, ಅಗಲ ರಸ್ತೆ, ಹುಲ್ಲುಹಾಸು ಎಲ್ಲದಕ್ಕೂ ಇನ್ನು ಬೇಡಿಕೆ ಏರುತ್ತದೆ. ಕಲ್ಲಿನ ಸುತ್ತಲಿನ ನೋಟವನ್ನೂ ಕಾಯಬೇಕೆಂಬುದು ಆ ಪಟ್ಟಿಯ ಷರತ್ತುಗಳಲ್ಲೊಂದು. ಹಳೇಬೀಡಿನ ಪುಷ್ಪಗಿರಿಯಂಥ ಗುಡ್ಡದ ಕುರುಚಲು ಆ ನೋಟದ ಭಾಗವೇ. ಯಂತ್ರದಿಂದ ಕತ್ತರಿಸಿದ ಹುಲ್ಲುಹಾಸು ಹೊಯ್ಸಳರ ಕಾಲದ್ದಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು. ಈ ಕುರುಚಲನ್ನು ಉಳಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಲೇಬೇಕು. ಆ ದಾಖಲಾತಿಯಲ್ಲಿ ಗಿಡಗಳ ಪಟ್ಟಿ ಬರೆದು ಬೀರುವಿಗೆ ಸೇರಿಸುವ ಬದಲು, ಯಾವ ಸರ್ವೆ ನಂಬರಿನ ಯಾವ ಬದಿಯಲ್ಲಿ ಕವಳೆ, ಕಾರೆ, ಸೂರಿ, ಎಲಚಿ ಇವೆ ಎಂದು ಕುರಿ ಕಾಯುವವರನ್ನೂ ಸೌದೆಗೆ ಹೋಗುವ ಹೆಂಗಸರನ್ನೂ ಕೇಳಿ ಗುರುತು ಹಾಕಲಿ. ಜಾಗ ಕೇಳಿ ಅರ್ಜಿ ಬಂದ ದಿನ ಗ್ರಾಮಸಭೆ ಆ ಪುಟ ತೆರೆದು ನೋಡಲಿ. ಜೊತೆಗೆ ಒಂದು ಸಣ್ಣ ಕಟ್ಟುಪಾಡು: ಬದು ಸರಿಪಡಿಸುವ, ದಾರಿ ಬಿಡಿಸುವ, ಕಾಲುವೆ ಬಳಿಯುವ ಜೆಸಿಬಿ ಕೆಲಸವೆಲ್ಲ ನಡೆಯುವುದು ಮಳೆಗೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, ಸರಿಯಾಗಿ ಕವಳೆಯ ಮೈತುಂಬ ಕಾಯಿ ಇರುವಾಗ. ಊರೊಟ್ಟಿನ ಬೇಲಿಗಳ ಮಟ್ಟಿಗಾದರೂ ಯುಗಾದಿಯಿಂದ ಮೃಗಶಿರ ಮಳೆ ಹಿಡಿಯುವವರೆಗೆ ಯಂತ್ರ ಇಳಿಸಬಾರದೆಂದು ಪಂಚಾಯಿತಿ ಠರಾವು ಮಾಡಲಿ. ಕೆಲಸ ಬೇಸಿಗೆಗೆ ಮೊದಲೇ ಮುಗಿಯಬೇಕು, ಇಲ್ಲವೇ ಮುಂದಿನ ವರ್ಷಕ್ಕೆ ಹೋಗಬೇಕು. ಗುತ್ತಿಗೆದಾರರು ಗೊಣಗುತ್ತಾರೆ. ಅಷ್ಟರಲ್ಲಿ ಮಕ್ಕಳು, ಪಿಕಳಾರಗಳು ತಿಂದು ಉಗಿದ ಬೀಜ ಮೊದಲ ಮಳೆಗೆ ಬೇಲಿಯ ಬುಡದಲ್ಲಿ ಮೊಳೆತಿರುತ್ತದೆ.